ತಾಮ್ರದ ತಂತಿ ಸುತ್ತಿದ ದಬ್ಬಣ

ಔರಾದ, ಶುಕ್ರವಾರ
೧೫ ನವೆಂಬರ್ ೧೯೫೭, ಸಂಜೆ ಆರೂವರೆ

ಪ್ರೀತಿಯ ಮಗ ಫಿಲಿಪನಿಗೆ,

ಮೈಯಲ್ಲಿ ಹುಷಾರಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಸಿನೆಮಾದ ಪರದೆಯ ಮೇಲೆ ನಿನ್ನ ಕೊರಳಿನ ಎಲುಬು ಕಾಣುತ್ತಿತ್ತು. ಪಾತ್ರಕ್ಕಾಗಿ ಸೊರಗಿದ್ದೋ, ನಿಜವಾಗಿಯೂ ಉಪವಾಸವೋ ನನಗೆ ತಿಳಿಯಲಿಲ್ಲ. ಬೊಂಬಾಯಿಯ ಸಮುದ್ರದ ಗಾಳಿ ನಿನ್ನ ಎದೆಗೆ ಒಗ್ಗದು ಎಂದು ನಿನ್ನ ತಾಯಿ ಯಾವಾಗಲೂ ಹೇಳುತ್ತಿದ್ದಳು. ಮಲಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ.

ಇಂದು ಇಡೀ ದಿನ ಕಚೇರಿಯಲ್ಲಿ ಹಳೆಯ ಉರ್ದು ಕಾಗದಗಳನ್ನು ಕಟ್ಟುವ ಕೆಲಸ. ನಾವು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವಾಯಿತು, ಇನ್ನು ಎಲ್ಲ ಬರವಣಿಗೆಯೂ ಕನ್ನಡದಲ್ಲಿ. ಇಪ್ಪತ್ತೆಂಟು ವರ್ಷ ನಾನು ಬರೆದದ್ದನ್ನೆಲ್ಲ ಕೆಂಪು ಬಟ್ಟೆಯಲ್ಲಿ ಸುತ್ತಿ, ಸುತಳಿ ಬಿಗಿದು, ಬೀದರಿಗೆ ಹೋಗುವ ಗಾಡಿಗೆ ಹೇರಿಸಿದೆ. ಮಿಶನ್ ಸಾಲೆಯಲ್ಲಿ ಕಲಿತ ಕನ್ನಡ ಭಾನುವಾರದ ಬೈಬಲಿಗೆ ಸಾಕು ಎಂದುಕೊಂಡಿದ್ದೆ. ಈಗ ಅದೇ ಅನ್ನ ಕೊಡುತ್ತಿದೆ. ಪಕ್ಕದ ಮೇಜಿನ ಹುಸೇನನ ಪಾಡು ಬೇರೆ. 'ಮೊಮ್ಮಗಳ ಪಾಟಿ ಕಸಕೊಂಡು ಅಕ್ಷರ ತಿದ್ದಲಾಕತ್ತೇನಿ ಸಿಲಾಸಭಾಯಿ. ಆಕೀನೂ ಅಳ್ತಾಳ, ನಾನೂ ಅಳ್ತೇನಿ' ಎಂದ. ಮೊದಲಾಗಿದ್ದರೆ ಇದನ್ನು ಮನೆಗೆ ಬಂದು ನಿನ್ನ ತಾಯಿಗೆ ಹೇಳಿ ನಗಿಸುತ್ತಿದ್ದೆ.

ಮುಂದಿನದನ್ನು ಕೂತು ಓದು, ಮಗನೇ. ನಿನ್ನ ತಾಯಿ ಇದೇ ತಿಂಗಳ ನಾಲ್ಕರಂದು, ಸೋಮವಾರ ಮಧ್ಯಾಹ್ನ ತೀರಿಕೊಂಡಳು. ಮಳೆಗಾಲದಿಂದಲೂ ಉಸಿರಿನ ತೊಂದರೆ ಇತ್ತು, ಕಡೆಗೆ ಕಾಲು ಬಾತವು. ನೀನು ಕೊನೆಯ ಕಾರ್ಡು ಬರೆದ ಖೋಲಿಯ ವಿಳಾಸಕ್ಕೆ ಅಂಚೆ ಕಚೇರಿಯಿಂದ ತಾರು ಕಳಿಸಿದೆ. ಆ ಹೆಸರಿನವರು ಇಲ್ಲಿಲ್ಲ ಎಂದು ತಿರುಗಿ ಬಂತು. ಅದಕ್ಕೇ ಈ ಪತ್ರವನ್ನು ಸಿನೆಮಾದ ಜಾಹೀರಾತಿನಲ್ಲಿ ಇದ್ದ ಕಂಪನಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಆ ಕಾಗದದಲ್ಲಿ ನಿನ್ನ ಹೆಸರು ಬೇರೆ ಏನೋ ಇದೆ. ಲಕೋಟೆಯ ಮೇಲೆ ಎರಡೂ ಹೆಸರು ಬರೆದಿದ್ದೇನೆ.

ನಿನ್ನ ಆ ಕಾರ್ಡು ಅವಳ ದಿಂಬಿನ ಕೆಳಗೇ ಇತ್ತು. ಸಿನೆಮಾದಲ್ಲಿ ನನ್ನಂಥ ಕಚೇರಿಯ ಕಾರಕೂನನ ಪಾತ್ರ ಸಿಕ್ಕಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಭಾನುವಾರವೇ ಚರ್ಚಿನಲ್ಲಿ ಎದ್ದು ನಿಂತು, ನನ್ನ ಮಗ ಬೊಂಬಾಯಿಯಲ್ಲಿ ಕಾರಕೂನನಾದ ಎಂದು ದೇವರಿಗೆ ಸ್ತೋತ್ರ ಹೇಳಿಬಿಟ್ಟಳು. ಸಿನೆಮಾದ ಮಾತೇ ಎತ್ತಲಿಲ್ಲ. ಪಾದ್ರಿಗಳು ನನ್ನ ಕೈ ಕುಲುಕಿದರು. ದಾರಿಯಲ್ಲಿ ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, 'ನಾ ಏನ ಸುಳ್ಳ ಹೇಳೀನ್ರಿ? ನೀವು ಅಂವಾ ಕಾರಕೂನ ಆಗಬೇಕಂತಿದ್ರಿ, ಆದಾ' ಎಂದಳು.

ಚಿತ್ರ ಬೀದರಿಗೆ ಬಂದಾಗ ಅವಳಿಗೆ ಬಸ್ಸು ಹತ್ತುವ ಶಕ್ತಿ ಇರಲಿಲ್ಲ. ನೋಡಿ ಬಂದು ನನಗೆ ಹೇಳಿ ಎಂದು ನನ್ನನ್ನು ಅಟ್ಟಿದಳು. ಕಚೇರಿಯ ಕಾಗದ ಒಯ್ಯುವ ನೆಪ ಮಾಡಿ ಎರಡನೆಯ ತಾರೀಖು ಶನಿವಾರ ಹೋದೆ. ಮಧ್ಯಾಹ್ನದ ಆಟ. ಪರದೆಯ ಮೇಲೆ ನೀನು ಬಂದೊಡನೆ ನನಗೆ ಎದೆ ತುಂಬಿತು. ಆಮೇಲೆ ಆ ಕಾರಕೂನ ತನ್ನನ್ನು ಗದರಿದ ಸಾಹೇಬನ ಹಿಂದೆ ನಿಂತು, ಬಾಯಿಗೆ ಮುಷ್ಟಿ ಹಿಡಿದು ಎರಡು ಸಲ ಕೆಮ್ಮಿ, ಕಾಗದ ಚುಚ್ಚುವ ದಬ್ಬಣವನ್ನು ಅವನ ಕತ್ತಿಗೆ ಇಳಿಸಿದ. ಹೆಣವನ್ನು ಹಳೆಯ ಕಾಗದ ಇಡುವ ದಫ್ತರಿನ ಕೋಣೆಗೆ ಎಳೆದೊಯ್ದು ಕುರ್ಚಿಯಲ್ಲಿ ಕೂಡಿಸಿ, ಎದುರಿಗೆ ಫೈಲು ಇಟ್ಟು ಸಲಾಮು ಮಾಡಿದ. ಹೀಗೆ ಐದು ಜನ. ದಿನಾ ಬೆಳಿಗ್ಗೆ ಅವರ ಹಾಜರಿ ಹಾಕುತ್ತಾನೆ, ರಜೆ ಕೇಳುತ್ತಾನೆ, ಮಂಜೂರಾಯಿತೆಂದು ತಾನೇ ಬರೆದುಕೊಳ್ಳುತ್ತಾನೆ. ಜನ ಹೊಟ್ಟೆ ಹಿಡಿದು ನಕ್ಕರು. ಮೂರನೆಯ ಸಾಹೇಬನ ಹೊತ್ತಿಗೆ ನೀನು ಕೆಮ್ಮಿದರೆ ಸಾಕು, ಹಿಂದಿನವನೊಬ್ಬ 'ಕೆಮ್ಮಿದಾ ನೋಡ್ರಿ, ಹೋದಾ ಸಾಹೇಬ' ಎನ್ನುತ್ತಿದ್ದ.

ಫಿಲಿಪಾ, ಆ ಕೆಮ್ಮು ನನ್ನದು. ಸಾಹೇಬರ ಮುಂದೆ ಬಾಯಿ ತೆರೆಯುವ ಮೊದಲು ನಾನು ಹಾಗೇ ಕೆಮ್ಮುತ್ತೇನೆ. ಪೆನ್ನಿನ ಮೊನೆಯನ್ನು ತಲೆಗೂದಲಿಗೆ ಒರೆಸುವುದು ನನ್ನದು, ಸುತಳಿಯ ಗಂಟನ್ನು ಹಲ್ಲಿನಿಂದ ಬಿಗಿಯುವುದೂ ನನ್ನದು. ಕೊನೆಗೆ ಆ ದಬ್ಬಣವನ್ನು ಪರದೆಯ ತುಂಬ ದೊಡ್ಡದಾಗಿ ತೋರಿಸಿದರು. ಹುಣಸೆ ಕಟ್ಟಿಗೆಯ ಹಿಡಿ, ಬಿರುಕು, ಬಿರುಕಿನ ಮೇಲೆ ನಾನು ಸುತ್ತಿದ ತಾಮ್ರದ ತಂತಿ. ನೀನು ಮನೆ ಬಿಟ್ಟ ವಾರ ಅದಕ್ಕಾಗಿ ಮನೆಯನ್ನೆಲ್ಲ ಅಗೆದಂತೆ ಹುಡುಕಿದ್ದೆ. ಸುತ್ತಲೂ ಜನ ನಗುತ್ತಿದ್ದರು, ನಾನು ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅವಮಾನವಾಯಿತು. ನನ್ನನ್ನು ಕೊಲೆಗಾರನನ್ನಾಗಿ ಮಾಡಿದ, ಇಷ್ಟೂ ವರ್ಷ ಮಗ ನನ್ನಲ್ಲಿ ಕಂಡದ್ದು ಇದನ್ನೇ ಎಂದುಕೊಂಡೆ.

ಮನೆಗೆ ಬಂದರೆ ಅವಳು ಗೋಡೆಗೆ ಒರಗಿ ಕಾಯುತ್ತಿದ್ದಳು. ಕಾಗದದಲ್ಲಿ ಒಂದು ಸುಳ್ಳನ್ನೂ ಬರೆಯದ ಕೈ ನನ್ನದು, ಬಾಯಿಗೂ ಅದೇ ರೂಢಿ. ಹಾಗಾಗಿ ನಿಜವನ್ನೇ ಹೇಳಿದೆ, ಆದರೆ ಬೇಕಾದಷ್ಟನ್ನು ಮಾತ್ರ. ಸಾಹೇಬರೆಲ್ಲ ಅವನ ಮುಂದೆ ಸುಮ್ಮನೆ ಕೂತಿರುತ್ತಾರೆ ಎಂದೆ. ಒಬ್ಬನೂ ಎದುರು ಮಾತಾಡುವುದಿಲ್ಲ, ಕೇಳಿದ ರಜೆಯನ್ನು ಇಲ್ಲ ಎನ್ನುವುದಿಲ್ಲ ಎಂದೆ. ಅವನು ಬಂದರೆ ಜನ ಸಂತೋಷಪಡುತ್ತಾರೆ ಎಂದೆ. ಭಾನುವಾರ ಸಂಜೆ ಮತ್ತೊಮ್ಮೆ ಹೇಳಿಸಿದಳು. ಅಷ್ಟು ಸಾಹೇಬರೂ ಸುಮ್ಮನೆ ಕೂತಿರುತ್ತಾರೇನು ಎಂದು ಕೇಳಿದಳು. ಹೌದು, ಕುರ್ಚಿ ಬಿಟ್ಟು ಏಳುವುದೇ ಇಲ್ಲ ಎಂದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂತೋಷಕ್ಕೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಗಂಜಿ ಕುಡಿಸುವಾಗ ಹೇಳಿದಳು. 'ಪಕ್ಕದ ಮನಿ ಕೇಶರಬಾಯಿ ಮೊದಲೇ ನೋಡಿ ಬಂದಾಳ್ರಿ. ಐದ ಮಂದೀನ ಕೊಲ್ತಾನಂತ. ನೀವು ಬೀದರಿಗೆ ಹೋದ ದಿನಾನೇ ನನಗ ಎಲ್ಲಾ ಹೇಳಿದಳು.' ಮತ್ತೆ ನನ್ನಿಂದ ಯಾಕೆ ಹೇಳಿಸಿದೆ ಎಂದೆ. ಎರಡು ದಿನ ನೀವು ಅವನ ಬಗ್ಗೆ ಒಳ್ಳೆಯದನ್ನೇ ಆಡಿದಿರಿ, ಅವನು ಮನೆ ಬಿಟ್ಟ ಮೂರು ವರ್ಷದಲ್ಲಿ ಅದನ್ನು ಕೇಳಿರಲಿಲ್ಲ ಎಂದಳು. ನಕ್ಕಳು, ನಗುವಿಗೆ ಉಸಿರು ಸಾಲಲಿಲ್ಲ. ಬೆನ್ನು ತಿಕ್ಕಿದೆ. ಉಸಿರು ಕೂಡಿದ ಮೇಲೆ, 'ದಬ್ಬಣ ನಾನೇ ಕೊಟ್ಟೇನ್ರಿ. ಅಪ್ಪನ ಕೈಯಾಗಿಂದು ಏನರೆ ಒಂದು ಕೊಡು ಅಂತ ಕೇಳಿದಾ. ನಿಮ್ಮನ್ನ ಕೇಳ್ಲಾಕ ಅಂಜಿದಾ' ಎಂದಳು. ಅದೇ ಅವಳು ಪೂರ್ತಿ ಆಡಿದ ಕೊನೆಯ ಮಾತು.

ಹಲಬರ್ಗಾದಿಂದ ನಿನ್ನ ಅಕ್ಕ ಲಿಡಿಯಾ ಬರುವಷ್ಟರಲ್ಲಿ ಮುಗಿದಿತ್ತು. ಮಂಗಳವಾರ ಮಣ್ಣು ಮಾಡಿದೆವು. ಕಚೇರಿಯವರೆಲ್ಲ ಬಂದಿದ್ದರು. ಅವರ ಸಂಗತಿ ಒಂದನ್ನು ಹೇಳುವುದು ಬಿಟ್ಟೆ. ನಾನು ಬೀದರಿಗೆ ಹೊರಡುವ ಮೊದಲು, ಆ ಶನಿವಾರದ ಬೆಳಿಗ್ಗೆ, ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರ ಮುಂದೆ ನಾನು ಎಂದಿನಂತೆ ಕೆಮ್ಮಿದಾಗ ಅವರು ಕುರ್ಚಿ ಹಿಂದಕ್ಕೆ ಸರಿಸಿದ್ದರು, ಹುಸೇನ ಹೊರಗೆ ಓಡಿ ಹೋಗಿ ನಕ್ಕಿದ್ದ. ಅವರೆಲ್ಲ ಆಗಲೇ ಚಿತ್ರ ನೋಡಿದ್ದರು, ನಾನೊಬ್ಬನೇ ನೋಡಿರಲಿಲ್ಲ. ಈಗ ನಾನು ಕೆಮ್ಮಿದರೆ ಯಾರೂ ನಗುವುದಿಲ್ಲ. ತಲೆ ತಗ್ಗಿಸುತ್ತಾರೆ. ಅದು ಹೆಚ್ಚು ಕಷ್ಟ. ಅದಕ್ಕೇ ಈ ವಾರವೆಲ್ಲ ಕೆಮ್ಮನ್ನು ನುಂಗಿಕೊಂಡೇ ಸಾಹೇಬರ ಕೋಣೆಗೆ ಹೋಗುತ್ತಿದ್ದೇನೆ.

ಕೇಶರಬಾಯಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನಿನ್ನ ತಾಯಿ ನಿನಗಾಗಿ ದಿನಾ ಮಾಡುತ್ತಿದ್ದ ಪ್ರಾರ್ಥನೆಯನ್ನು ಈಗ ನಾನು ಮಾಡುತ್ತೇನೆ. ಅವಳ ಮಾತು ನನಗೆ ಪೂರ್ತಿ ಬರುವುದಿಲ್ಲ, ದೇವರು ತಿದ್ದಿಕೊಳ್ಳಲಿ. ಅವನು ನಿನ್ನನ್ನು ಕಾಯಲಿ.

ನಿನ್ನ ತಂದೆ,
ಸಿಲಾಸ

ತಾ.ಕ. ಲಕೋಟೆ ಅಂಟಿಸುವ ಮೊದಲು ಕಾಗದವನ್ನು ಮತ್ತೆ ಹೊರತೆಗೆದೆ, ಬರೆಯಬೇಕಾದದ್ದೇ ಉಳಿದಿತ್ತು. ನೀನು ಹೋಗುವ ದಿನ, ಇನ್ನು ನಿನ್ನ ಮುಖ ನನಗೆ ತೋರಿಸಬೇಡ ಎಂದಿದ್ದೆ. ಆ ಹುಕುಮು ರದ್ದು. ಊರಿಗೆ ಬಾ. ಅವಳ ಬೈಬಲಿನ ಹಾಳೆಗಳು ಬಿಚ್ಚಿಕೊಂಡಿವೆ, ಹೊಲಿಯಬೇಕು. ದಬ್ಬಣ ತೆಗೆದುಕೊಂಡು ಬಾ, ಅಲ್ಲಿಯವರೆಗೆ ಬೇರೆಯದರಲ್ಲಿ ಹೊಲಿಯುವುದಿಲ್ಲ. ನಿನ್ನ ಚಿತ್ರ ಬೀದರಿನಿಂದ ಭಾಲ್ಕಿಯ ಸಿನೆಮಾ ಡೇರೆಗೆ ಬರುತ್ತದೆ, ನಾಳೆ ಮೊದಲ ಆಟ. ಲಿಡಿಯಾ ಹಲಬರ್ಗಾದಿಂದ ನೇರವಾಗಿ ಅಲ್ಲಿಗೇ ಬರುತ್ತಾಳೆ. ಸಾವಿನ ಮನೆಯವರು ಸಿನೆಮಾಕ್ಕೆ ಹೋಗುವುದೇ ಎಂದು ಪಾದ್ರಿಗಳು ಕೇಳಿದರು. ಮಗನನ್ನು ನೋಡಲು ಹೋಗುತ್ತೇವೆ ಎಂದೆ. ನನ್ನ ಬಸ್ಸು ಬೆಳಿಗ್ಗೆ ಏಳಕ್ಕೆ.