ಅಂತಿಮ ಸುತ್ತಿಗೆ ಬಂದ ಸ್ವೆಟರ್

ಪ್ರೀತಿಯ ಅಪ್ಪನಿಗೆ,

ಯುವ ವಿನ್ಯಾಸಕರ ಹೆಣಿಗೆ ಸ್ಪರ್ಧೆಯಲ್ಲಿ ನನ್ನ ಸ್ವೆಟರ್ ಅಂತಿಮ ಸುತ್ತಿಗೆ ಬಂದಿದೆ. ಉಣ್ಣೆಯ ಲಡಿಯನ್ನು ಕುರ್ಚಿಗೆ ಹಾಕಿ ಉಂಡೆ ಸುತ್ತುವಾಗಲೆಲ್ಲ ಹಳೆಯ ಮನೆಯೇ ನೆನಪಾಗುತ್ತಿತ್ತು. ನೀವು ಎರಡೂ ಕೈಗೆ ಲಡಿ ಹಾಕಿಸಿಕೊಂಡು ಕೂರುತ್ತಿದ್ದಿರಿ, ಅಮ್ಮ ಸುತ್ತುತ್ತಿದ್ದಳು. "ಮೂಗು ತುರಿಸ್ತಿದೆ ಕಣೇ" ಎಂದು ನೀವು ಅಂದರೆ, "ಅಲ್ಲಾಡಿದ್ರೆ ನೋಡಿ ಮತ್ತೆ!" ಎಂದು ಗದರಿ ತಾನೇ ತುರಿಸುತ್ತಿದ್ದಳು. ನಗುವಿನಲ್ಲಿ ಕೈಜಾರಿದ ಉಂಡೆ ಮಂಚದ ಕೆಳಗೆ ಉರುಳುತ್ತಿತ್ತು. ತೆವಳಿ ತರುವವಳು ನಾನು.

ನೀವಿಬ್ಬರೂ ಬೇರೆಯಾದ ಮೇಲೆ ಅಮ್ಮ ಅಂಗಡಿಯಿಂದ ಮೊದಲೇ ಸುತ್ತಿಟ್ಟ ಉಂಡೆಗಳನ್ನೇ ತರುತ್ತಾಳೆ.

ಭಾನುವಾರ ಸಂಜೆ ಪ್ರದರ್ಶನ, ಫಲಿತಾಂಶವೂ ಅಂದೇ. ದಯವಿಟ್ಟು ಬನ್ನಿ. ಅಮ್ಮನೂ ಬರುತ್ತಾಳೆ. ನಿಮ್ಮನ್ನು ಕರೆಯಲೇ ಎಂದು ಕೇಳಿದಾಗ ಹೆಣೆಯುತ್ತಿದ್ದ ಸಾಲನ್ನು ಮುಗಿಸಿದಳು. ಆಮೇಲೆ, "ಮುಗಿಯೋದು ತಡ ಆಗುತ್ತೆ. ನಮ್ಮನೇಲಿ ಊಟ ಮಾಡ್ಕೊಂಡೇ ಹೋಗ್ಲಿ ಅನ್ನು" ಅಂದಳು.

ಸಭಾಂಗಣದ ಬಾಗಿಲಲ್ಲೇ ಕಾಯುತ್ತಿರುತ್ತೇನೆ,
ನಿಮ್ಮ ಪುಟ್ಟಿ