ಮೂರು ಬೆರಳಗಲದ ಗೆರೆ

ಅಪ್ಪಾಜಿ,

ನೀವು ಒಪ್ಪಿಸಿದ ಮಾತನ್ನು ಕೊನೆಗೂ ಸಾಹೇಬರಿಗೆ ಹೇಳಿದೆ. ಏಳು ತಿಂಗಳು ತಡವಾಯಿತು. ನೀವು ಎದುರಿಗಿದ್ದಿದ್ದರೆ ಇಷ್ಟನ್ನೂ ಹೇಳಲಾರದೆ ಸೆರಗಿನ ಅಂಚು ತಿರುವುತ್ತ ನಿಲ್ಲುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಸರೆಯ ನಮ್ಮ ಮನೆಯಲ್ಲಿ ಒಂದು ಭಾನುವಾರ, ನಕ್ಷೆ ಕಚೇರಿಯಲ್ಲಿ ನೀವು ಮಾಡುವ ಕೆಲಸವೇನೆಂದು ಕೇಳಿದ್ದೆ, ನೆನಪಿದೆಯೆ? ಒರಳುಕಲ್ಲು ತೋರಿಸಿ, ನಮ್ಮ ಸೀಮೆಯ ನೆಲ ಹೀಗೆ ಇಡೀ ಗಟ್ಟಿ, ಇದರಲ್ಲಿ ಪೆಟ್ರೋಲು ತೆಗೆಯುವ ಎಣ್ಣೆ ನಿಲ್ಲುವುದಿಲ್ಲ ಎಂದಿರಿ. ಆಮೇಲೆ ಅವ್ವ ಮಡಚಿಟ್ಟಿದ್ದ ಸೀರೆಗಳ ಅಟ್ಟಿ ತಂದು ಪಕ್ಕಕ್ಕಿಟ್ಟಿರಿ. ಕಾವೇರಿ ಸಮುದ್ರ ಸೇರುವ ಕಡೆ ನೆಲ ಹೀಗೆ ಪದರ ಪದರವಂತೆ. ಎಣ್ಣೆ, ಅನಿಲ ಇದ್ದರೆ ಅಂಥಲ್ಲೇ ಅಂತೆ. ಒರಳು ಮುಗಿದು ಸೀರೆ ಶುರುವಾಗುವ ಜಾಗದಲ್ಲಿ ಬೆರಳಿನಿಂದ ಗೆರೆ ಎಳೆದು, ನನ್ನ ಕೆಲಸ ಇಷ್ಟೇ, ಗೆರೆಯ ಒಳಗೆ ಹುಡುಕುತ್ತಾರೆ, ಹೊರಗಿನದನ್ನು ಯಾರೂ ತಿರುಗಿ ನೋಡುವುದಿಲ್ಲ ಎಂದಿರಿ. ಅವ್ವ ಮಾತ್ರ, "ಎಣ್ಣೆ ಸಿಕ್ದೇ ಇದ್ರೂ ಸೀರೆ ಮಡಚಿಟ್ಬುಡಿ" ಅಂದಿದ್ದಳು.

ನಿಮ್ಮ ಕಡೆಯ ದಿನದ ಮಧ್ಯಾಹ್ನ, ಅವ್ವ ನೀರಿಗೆ ಹೋಗಿದ್ದಾಗ, ಮಂಚದ ಮೇಲಿದ್ದ ನೀವು ನನ್ನ ಕೈ ಹಿಡಿದಿರಿ. ಜ್ವರದಲ್ಲಿ ಏನೋ ಬಡಬಡಿಸುತ್ತಿದ್ದೀರಿ ಅಂದುಕೊಂಡೆ. ಅಲ್ಲ, ನಿಮಗೆ ಎಲ್ಲವೂ ಸ್ಪಷ್ಟವಾಗಿತ್ತು.

"ಮೂರು ಬೆರಳಗಲ ಜಿಲ್ಲೆ ಗೆರೆ ಮೇಲೆ ಹೋಗ್ಬುಟ್ಟಿದ್ದೀನಿ ಕಣಮ್ಮ. ಸಾಹೇಬ್ರಿಗೆ ಹೇಳ್ಬುಡು."

ಹೇಳುತ್ತೇನೆ ಅಂದೆ. ಊರೂರು ತಿರುಗಿ ಕಲ್ಲು ನೋಡಿ ಬಂದ ಸಾಹೇಬರು ಪೆನ್ಸಿಲಿನಲ್ಲಿ ಹಾಕಿದ ಗೆರೆಯ ಮೇಲೆ ಕೆಳಗಿನದು ಕಾಣುವಂಥ ಟ್ರೇಸಿಂಗ್ ಬಟ್ಟೆ ಹಾಸಿ ನೀವು ಶಾಯಿಯಲ್ಲಿ ತೀಡುತ್ತಿದ್ದಿರಿ. ಕೆಳಗಿನ ಕಾಗದದಲ್ಲಿ ಜಿಲ್ಲೆಯ ಗಡಿಯೂ ಅಚ್ಚಾಗಿರುತ್ತದೆ. ಒಂದು ಕಡೆ ಎರಡೂ ಗೆರೆ ಒತ್ತಿಕೊಂಡು ಹೋಗಿ ಅಗಲುತ್ತವೆ. ಅಲ್ಲಿ ನಿಮ್ಮ ಪೆನ್ನು ಕಲ್ಲಿನ ಗಡಿ ಬಿಟ್ಟು ಸರ್ಕಾರದ ಗಡಿ ಹಿಡಿದಿತ್ತು. ನಡುವಿನ ನೆಲವೆಲ್ಲ ಹುಡುಕುವ ಸೀಮೆಯಿಂದ ಹೊರಗುಳಿದಿತ್ತು.

ಕಚೇರಿಯಲ್ಲಿ ನಿಮಗಾಗಿ ಸಭೆ ಸೇರಿದ ದಿನವೇ ಹೇಳಬೇಕೆಂದು ಹೋಗಿದ್ದೆ. ನಿಮ್ಮ ಫೋಟೋಗೆ ಹಾರ ಹಾಕಿ, ಚೆಲುವಯ್ಯನವರ ಕೈ ಒಂದು ದಿನವೂ ತಪ್ಪಲಿಲ್ಲ ಎಂದು ಸಾಹೇಬರು ಹೇಳಿದರು. ನಿಮ್ಮ ಪಕ್ಕದ ಮೇಜಿನ ಪುಟ್ಟಸ್ವಾಮಣ್ಣ ಕಣ್ಣೊರೆಸಿಕೊಂಡರು. ಅದರ ಮೇಲೆ ನಾನು ಎದ್ದು ನಿಂತು... ಹೇಗೆ ಹೇಳಲಿ? ನಿಮ್ಮ ಹೆಸರಿನ ಮೇಲೆ ನನಗೂ ಅಲ್ಲೇ ಕೆಲಸ ಕೊಟ್ಟರು, ನಕ್ಷೆಯ ಊರ ಹೆಸರುಗಳನ್ನು ಪಟ್ಟಿಗೆ ಹೋಲಿಸಿ ತಿದ್ದುವುದು. ದಿನವೂ ನೀವು ತೀಡಿದ ಆ ಹಾಳೆಯ ಹತ್ತಿರ ಹೋಗುತ್ತಿದ್ದೆ, ಆ ಮೂರು ಬೆರಳಗಲದ ಜಾಗ ಮಾತ್ರ ನೋಡುತ್ತಿರಲಿಲ್ಲ.

ಹೋದ ಸೋಮವಾರ ಹಾಳೆಯನ್ನು ಅಚ್ಚಿಗೆ ಕಳಿಸಲು ಸುರುಳಿ ಸುತ್ತುತ್ತಿದ್ದರು. ಮೊದಲು ಒಂದು ಚೀಟಿ ಬರೆದೆ. ನಾಲ್ಕು ಸಲ ಬರೆದು ಹರಿದೆ. ಸಾಹಿತ್ಯ ಓದಿದವಳಿಗೆ ಎರಡು ಸಾಲು ಬರೆಯಲಾಗಲಿಲ್ಲ ನೋಡಿ. ಕಡೆಗೆ ಸಾಹೇಬರ ಕೋಣೆಗೆ ಹೋಗಿ ಬಾಯಲ್ಲೇ ಹೇಳಿದೆ.

ಸಾಹೇಬರು ಸುರುಳಿ ಬಿಚ್ಚಿಸಿ, ತಮ್ಮ ಹಳೆಯ ಪೆನ್ಸಿಲ್ ಹಾಳೆಯನ್ನು ಕೆಳಗಿಟ್ಟು ಬಗ್ಗಿ ನೋಡಿದರು. ಬಹಳ ಹೊತ್ತು. ನನ್ನ ಕಣ್ಣು ಗೋಡೆಯ ಮೇಲಿದ್ದ ನಿಮ್ಮ ಫೋಟೋ ಕಡೆಗೇ ಹೋಗುತ್ತಿತ್ತು, ಇಳಿಸಿಬಿಡುತ್ತಾರೇನೋ ಎಂದು. ಆಮೇಲೆ ಅವರು ಹಾಳೆಯ ಮೂಲೆಯಲ್ಲಿದ್ದ ತಮ್ಮದೇ ಸಹಿಯ ಮೇಲೆ ಬೆರಳಿಟ್ಟರು.

"ಪರೀಕ್ಷೆ ಮಾಡಿ ಸೈನು ಹಾಕಿದೋನು ನಾನು. ಕನ್ನಡಕ ಹಾಕ್ಕೊಂಡೂ ನಂಗೆ ಕಾಣ್ಲಿಲ್ಲ, ನಿಮ್ಮಪ್ಪನವ್ರಿಗೆ ಮಂಚದ ಮೇಲೆ ಮಲಗಿದ್ರೂ ಕಾಣ್ತಿತ್ತಲ್ಲಮ್ಮ."

ಅಷ್ಟೇ ಅಪ್ಪಾಜಿ. ಬೈಗುಳವಿಲ್ಲ, ವಿಚಾರಣೆಯಿಲ್ಲ. ನಾನು ಏಳು ತಿಂಗಳು ಹೆದರಿದ್ದು ಯಾತಕ್ಕೆ? ಪುಟ್ಟಸ್ವಾಮಣ್ಣ ನಿಮ್ಮದೇ ಪೆನ್ನು ಕೇಳಿ ಇಸಿದುಕೊಂಡರು. ಬ್ಲೇಡಿನಿಂದ ಹಳೆಯ ಶಾಯಿ ಕೆರೆದು, ಉಗುರಿನಿಂದ ಉಜ್ಜಿ ನಯ ಮಾಡಿ, ಹೊಸ ಗೆರೆ ಎಳೆದರು. ಕಲ್ಲು ಮಣ್ಣಿನಡಿ ಮುಚ್ಚಿ ಹೋಗಿ ಅಂದಾಜಿನ ಮೇಲೆ ಗುರುತಿಸಿದ ಕಡೆ ತುಂಡು ತುಂಡಾಗಿ, ನೀವು ಮಾಡುತ್ತಿದ್ದ ಹಾಗೇ. ಆ ದಿನ ಮನೆಗೆ ಬಂದು ಎರಡು ಮುದ್ದೆ ಉಂಡೆ. ಅವ್ವ ಬೆರಗಾದಳು.

ಅಲ್ಲಿ ಎಣ್ಣೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲದೆಯೂ ಇರಬಹುದು. ಆದರೆ ಹುಡುಕುವವರು ಇನ್ನು ಅಲ್ಲಿಯೂ ಹೋಗುತ್ತಾರೆ.

ಇನ್ನೊಂದು ಸಂಗತಿ. ಈಗ ಕಚೇರಿಯಲ್ಲಿ ಯಾರೇ ಟ್ರೇಸಿಂಗಿಗೆ ಕೂತರೂ, ಬಟ್ಟೆ ಹಾಸುವ ಮೊದಲು ಜಿಲ್ಲೆ ಗೆರೆಯ ಮೇಲೆ ಬಿಳಿ ಕಾಗದದ ಸಣ್ಣ ಪಟ್ಟಿ ಅಂಟಿಸಿ ಮುಚ್ಚಬೇಕು. ಕಲ್ಲಿನ ಗೆರೆ ತೀಡಿ ಮುಗಿದ ಮೇಲಷ್ಟೇ ಅದನ್ನು ಕೀಳುವುದು. ಸಾಹೇಬರ ಅಪ್ಪಣೆ. ನಿನ್ನೆ ಹೊಸದಾಗಿ ಬಂದವರೊಬ್ಬರು ಮರೆತು ಶಾಯಿ ಅದ್ದಿದರು. ಪುಟ್ಟಸ್ವಾಮಣ್ಣ ಕೂತಲ್ಲಿಂದಲೇ ಕೇಳಿದರು.

"ಏನ್ರೀ, ಚೆಲುವಯ್ಯನೋರ ಪಟ್ಟಿ ಅಂಟ್ಸುದ್ರಾ?"