ಬೇಡವೆಂದರೂ ತಲುಪಿದಂತೆ

ಜಾಲಹಳ್ಳಿ
೧೩ ಸೆಪ್ಟೆಂಬರ್ ೨೦೧೩

ಚಿ. ಸೌ. ವಾಸಂತಿಗೆ ಅಣ್ಣ ಪಟ್ಟಾಭಿರಾಮನ ಆಶೀರ್ವಾದಗಳು.

ಇಲ್ಲಿ ನಾವು ಹೇಗೋ ಇದ್ದೇವೆ. ನಾಗಸಂದ್ರದಲ್ಲಿ ನೀವು ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಬರೆಯಲು ತಡವಾಯಿತು, ಕ್ಷಮಿಸು. ನಿನಗೆ ಫೋನ್ ಮಾಡಬಾರದು, ಕಾಗದ ಬರೆಯಬಾರದು ಎಂದು ವಕೀಲರ ಅಪ್ಪಣೆ. ದುಡ್ಡು ಕೊಟ್ಟು ಬಾಯಿಗೆ ಬೀಗ ಹಾಕಿಸಿಕೊಂಡವನು ನಾನೊಬ್ಬನೇ ಇರಬೇಕು.

ನಡೆದದ್ದು ನಿನಗೆ ಗೊತ್ತಾಗಲಿ. ನನ್ನ ಷೆಡ್ಡಿನ ಲೇತ್‌ನಲ್ಲಿ ಕಡೆದ ಬುಷ್ ಬಿಡಿಭಾಗಗಳು ನಿಮ್ಮ ಷೆಡ್ಡಿಗೇ ಹೋಗುತ್ತಿದ್ದವು. ಎರಡು ವರ್ಷದ ಕೂಲಿ ಬರಲೇ ಇಲ್ಲ. ನಿನ್ನ ಯಜಮಾನರನ್ನು ಕೇಳಿದರೆ, "ದೊಡ್ಡ ಕಂಪನಿಯೋರು ನಂಗೇ ಕೊಟ್ಟಿಲ್ಲ ಭಾವ, ನಾನೆಲ್ಲಿಂದ ತರ್ಲಿ?" ಅಂದರು. ನರಹರಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಬ್ಯಾಂಕಿನವರು ಲೇತ್ ಜಪ್ತಿ ಮಾಡುತ್ತೇವೆಂದು ಕೂತರು. ನಮ್ಮ ಆಪರೇಟರ್ ಬಸಲಿಂಗ, ಸಿಂಧನೂರಿನವನು, "ಪಗಾರ ಯಾವಾಗ ಕೊಡ್ತೀರ್ರಿ ಸಾಹೇಬ್ರ? ಊರಾಗ ಅವ್ವಗ ರೊಕ್ಕ ಕಳಸಬೇಕ್ರಿ" ಎಂದು ಬಾಗಿಲಲ್ಲಿ ನಿಂತ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿ, ಬಾಕಿ ವಸೂಲಿ ಮಾಡಿಸುವ ವಕೀಲರನ್ನು ಹುಡುಕಿಕೊಂಡು ಹೋದೆ.

ಶಾಂಭವಿ ಅಂತ, ಖಡಕ್ ಹೆಂಗಸು. ಹಣ ನಾಳೆಯೇ ಬರುತ್ತದೆ ಅಂದುಕೊಂಡು ಹೋದವನಿಗೆ ಮೊದಲೇ ತಣ್ಣೀರು ಎರಚಿದರು. "ಗೆಲ್ಲಿಸ್ತೀನಿ ಅಂತ ಮಾತು ಕೊಡಲ್ಲ ಸಾರ್. ಸೋತ್ರೂ ಗೆದ್ರೂ ನನ್ನ ಫೀಸು ಕೊಡ್ಬೇಕು. ಮೊದ್ಲು ನೋಟೀಸು, ಆಮೇಲೆ ಕೇಸು, ವರ್ಷಗಟ್ಟಲೆ ಅಲೆದಾಟ. ಕೋರ್ಟಿಂದ ಡಿಕ್ರಿ ಸಿಕ್ಕಿದ್ರೂ ಅವ್ರ ಹತ್ರ ದುಡ್ಡಿದ್ರೆ ತಾನೇ ವಸೂಲಿ?" ನೋಟೀಸನ್ನು ತೆಗೆದುಕೊಳ್ಳದೇ ಹೋದರೆ ಎಂದು ಕೇಳಿದೆ. "ರಿಜಿಸ್ಟರ್ ಪೋಸ್ಟಲ್ವಾ ಸಾರ್? ಬೇಡ ಅಂತ ವಾಪಸ್ ಕಳಿಸಿದ್ರೂ ಕಾನೂನು ಪ್ರಕಾರ ತಲುಪಿದ ಹಾಗೇ."

ನೋಟೀಸು ಯಾರಿಗೆ ಎಂದಾಗ ನಾನು ನರಹರಿ ಎಂದು ಹೆಸರು ಬರೆಸಿದೆ. ಶಾಂಭವಿಯವರು ನಿಮ್ಮ ಷೆಡ್ಡಿನ ಬಿಲ್ಲು, ರಿಜಿಸ್ಟ್ರೇಷನ್ ಎಲ್ಲ ತಿರುವಿ ಹಾಕಿ, "ಮಾಲೀಕರು ವಾಸಂತಿ ಅಂತಿದೆಯಲ್ಲ ಸಾರ್" ಅಂದರು. ಮಹಿಳೆಯರಿಗೆ ಸಾಲ ಸುಲಭ ಅಂತ ಪೀಣ್ಯದಲ್ಲಿ ಎಷ್ಟೋ ಷೆಡ್ಡುಗಳು ಹೆಂಡತಿಯರ ಹೆಸರಲ್ಲೇ ಇವೆ. ನಿಮ್ಮದೂ ಹಾಗೇ ಎಂಬುದು ನನಗೆ ಮರೆತೇ ಹೋಗಿತ್ತು. ನೀನು ಅಲ್ಲಿಗೆ ಕಾಲಿಡುವುದೇ ಆಯುಧಪೂಜೆಯ ದಿನ, ಯಂತ್ರಗಳಿಗೆ ಕುಂಕುಮ ಇಡಲು. "ಅವಳು ನನ್ನ ತಂಗಿ ಮೇಡಂ, ಅವಳಿಗೇನೂ ಗೊತ್ತಿಲ್ಲ" ಅಂದೆ. "ಇರ್ಬಹುದು ಸಾರ್. ಆದ್ರೆ ನಿಮಗೆ ಬಾಕಿ ಕೊಡ್ಬೇಕಾದೋರು ಅವ್ರೇ. ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ." ಬಸಲಿಂಗನ ಮುಖ ಕಣ್ಣ ಮುಂದೆ ಬಂತು. ಬೇಡ ಅನ್ನಲಿಲ್ಲ ಕಣೇ.

ನೋಟೀಸು ತಲುಪಿದ ದಿನ ನೀನು ಫೋನ್ ಮಾಡಿದೆ. ಮೊಬೈಲು ಮೇಜಿನ ಮೇಲೆ ಹೊಡೆದುಕೊಳ್ಳುತ್ತಲೇ ಇತ್ತು. ಏನು ಮಾತಾಡಿದರೂ ಕೇಸಿಗೆ ತೊಂದರೆ ಎಂದು ವಕೀಲರು ಹೇಳಿದ್ದರಲ್ಲ, ನಾನು ಎತ್ತಲಿಲ್ಲ. ಈಗ ನೋಟೀಸು ಹಿಂದಕ್ಕೆ ತೆಗೆದರೆ ಲೇತ್ ಹೋಗುತ್ತದೆ, ಮುಂದುವರಿದರೆ ನೀನು ಹೋಗುತ್ತೀಯ.

ಈ ಕಾಗದವನ್ನು ಸಾದಾ ಅಂಚೆಯಲ್ಲೇ ಹಾಕುತ್ತಿದ್ದೇನೆ; ನೀನು ಎಲ್ಲಿಯೂ ಸಹಿ ಮಾಡಬೇಕಾಗಿಲ್ಲ. ಗಂಡ ಮಕ್ಕಳೊಂದಿಗೆ ನೂರು ಕಾಲ ಚೆನ್ನಾಗಿರು ತಾಯಿ.

ಇತಿ ನಿನ್ನ ಅಣ್ಣ,
ಪಟ್ಟಾಭಿ

ಮರೆತ ಮಾತು: ಗೌರಿ ಹಬ್ಬಕ್ಕೆ ಪ್ರತಿವರ್ಷದಂತೆ ನಿನ್ನ ಅತ್ತಿಗೆಯ ಕೈಲಿ ತವರಿನ ಬಾಗಿನ ಕಳಿಸಿದ್ದೆ. "ನೋಟೀಸ್ ಬಂದೋರು ಬಾಗಿನ ತಗೋಬಹುದಾ ಅತ್ತಿಗೆ? ಅಣ್ಣನ ವಕೀಲರನ್ನ ಕೇಳ್ಕೊಂಡು ಬನ್ನಿ" ಎಂದು ಬಾಗಿಲಿಂದಲೇ ವಾಪಸು ಕಳಿಸಿದೆಯಂತೆ. ಮೊರ, ಬಳೆ, ರವಿಕೆ ಕಣ ಎಲ್ಲ ದೇವರ ಮುಂದೆ ಹಾಗೇ ಇವೆ. ನಾನು ಹೋಗಿ ವಕೀಲರನ್ನು ಕೇಳಿಯೇಬಿಟ್ಟೆ ಕಣೇ. ಬೇಡವೆಂದು ವಾಪಸು ಕಳಿಸಿದರೂ ತಲುಪಿದ ಹಾಗೆ ಎನ್ನುವುದು ನೋಟೀಸಿಗೆ ಮಾತ್ರವಂತೆ. ಬಾಗಿನಕ್ಕೆ ಅಂಥ ಕಾನೂನು ಇಲ್ಲವಂತೆ.